ನಾಲ್ಕು ವಿಭಾಗಗಳಲ್ಲಿ ಪಾಸಾದ ತಕ್ಕಡಿಯಣ್ಣ

ಐವತ್ತೊಂದು ವರ್ಷದ, ಅರ್ಧ ನರೆತ ಮೀಸೆಯ, ಯಾರ ತಂಟೆಗೂ ಹೋಗದ ಮನುಷ್ಯನೊಬ್ಬ ಇದ್ದಕ್ಕಿದ್ದಂತೆ ವಿಶ್ವವಿದ್ಯಾಲಯ ಸೇರಲು ಹೊರಟದ್ದಕ್ಕೆ ಜ್ಞಾನದಾಹವೇ ಕಾರಣ ಎಂದು ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ. ಆದರೆ ಸುಳ್ಳು ಹೇಳಿ ಯಾರಿಗೇನಾಗಬೇಕಿದೆ? ಕಾರಣ ಅವನ ಹೆಂಡತಿಯ ಅಣ್ಣ.

ತಕ್ಕಡಿ ರಿಪೇರಿ ಮಾಡುವವನಾದ್ದರಿಂದ ಬೀದಿಯವರೆಲ್ಲ ಅವನನ್ನು ತಕ್ಕಡಿಯಣ್ಣ ಎಂದೇ ಕರೆಯುತ್ತಿದ್ದರು. ಅಂಗಡಿಯ ಮುಂಭಾಗದಲ್ಲಿ ಅವನ ತಕ್ಕಡಿಗಳು, ಹಿಂಭಾಗದಲ್ಲಿ ಹೆಂಡತಿಯ ಹೊಲಿಗೆ ಯಂತ್ರ, ಗೋಡೆಯಾಚೆ ಕ್ಷೌರದಂಗಡಿ. ಆ ಕ್ಷೌರದಂಗಡಿಗೆ ದಿನಾ ಬೆಳಿಗ್ಗೆ ಭಾವ ಬರುತ್ತಿದ್ದರು. ನೀರು ಸರಬರಾಜು ಕಚೇರಿಯಿಂದ ನಿವೃತ್ತರಾದ ಮೇಲೆ ಅವರಿಗೆ ಅಲ್ಲಿನ ಕುರ್ಚಿಯೇ ಕಚೇರಿಯಾಗಿತ್ತು. ಪತ್ರಿಕೆಯನ್ನು ಗಟ್ಟಿಯಾಗಿ ಓದಿ, ಪ್ರತಿ ಸುದ್ದಿಗೂ ಒಂದೊಂದು ತೀರ್ಪು ಕೊಟ್ಟು, ಆಮೇಲೆ ಗಡ್ಡಕ್ಕೆ ನೊರೆ ಹಚ್ಚಿಸಿಕೊಳ್ಳುವುದು ಅವರ ಪದ್ಧತಿ.

ಅಂದು ನೊರೆ ಹಚ್ಚಿಸಿಕೊಂಡ ಮೇಲೂ ಅವರ ಮಾತು ನಿಂತಿರಲಿಲ್ಲ. "ನಮ್ಮ ಮನೇಲಿ ಎಲ್ಲರಿಗೂ ಡಿಗ್ರಿ ಇದೆ ಕಣಯ್ಯಾ. ನನಗಿದೆ, ನನ್ನ ಹೆಂಡ್ತಿಗಿದೆ, ಮಕ್ಕಳಿಗಿದೆ, ಸೊಸೆಗೆ ಎರಡಿದೆ. ಇಲ್ಲದೋನು ಅಂದ್ರೆ ನಮ್ಮ ತಂಗಿ ಗಂಡ ಒಬ್ಬನೇ. ಪಾಪ, ಒಳ್ಳೇವನು."

ತಕ್ಕಡಿಯಣ್ಣ ಪಕ್ಕದ ಬೆಂಚಿನ ಮೇಲೇ ಕೂತಿದ್ದ. ಡಿಗ್ರಿ ಇಲ್ಲ ಅಂದದ್ದನ್ನು ಅವನು ನುಂಗಿಕೊಳ್ಳುತ್ತಿದ್ದ, ಮದುವೆಯಾದಂದಿನಿಂದ ಇಪ್ಪತ್ತಾರು ವರ್ಷ ನುಂಗಿಕೊಂಡೇ ಬಂದಿದ್ದ. ಆದರೆ ಆ 'ಪಾಪ' ಗಂಟಲಲ್ಲಿ ಸಿಕ್ಕಿಕೊಂಡಿತು. ತೊಡೆಯ ಮೇಲೆ ಪತ್ರಿಕೆ ಇತ್ತು. ಅದರ ಮೂಲೆಯಲ್ಲಿ ವಿಶ್ವವಿದ್ಯಾಲಯದ ಪ್ರಕಟಣೆ: ಈ ಒಂದು ವರ್ಷದ ಮಟ್ಟಿಗೆ ವಿಜ್ಞಾನ ಶಾಖೆಯ ನಾಲ್ಕು ಪದವಿಗಳಿಗೆ ವಯಸ್ಸಿನ ಮಿತಿ ಇಲ್ಲ, ದುಡಿದು ಅನುಭವವಿರುವ ಹಿರಿಯರೂ ಅರ್ಜಿ ಹಾಕಬಹುದು.

"ಮುಂದಿನ ತಿಂಗಳಿಂದ ನಾನೂ ವಿಶ್ವವಿದ್ಯಾಲಯಕ್ಕೆ ಹೋಗ್ತಿದೀನಿ ಭಾವ," ಅಂದುಬಿಟ್ಟ.

ಕತ್ತಿ ಭಾವನ ಕೆನ್ನೆಯ ಮೇಲೆ ನಿಂತಿತು. ಕ್ಷೌರದವನು ಅದನ್ನು ತೆಗೆಯಲು ಮರೆತ.

"ಯಾರದ್ದು ತಕ್ಕಡಿ ಕೆಟ್ಟಿದೆ ಅಲ್ಲಿ?" ಎಂದರು ಭಾವ.

"ರಿಪೇರಿಗಲ್ಲ ಭಾವ. ಓದೋಕೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬೀದಿಯ ಆ ತುದಿ ಮುಟ್ಟಿ ವಾಪಸು ಬಂತು. ಹಾಗೆಂದು ಓದುವ ಆಸೆ ಅವನಿಗೆ ಇರಲೇ ಇಲ್ಲವೆಂದಲ್ಲ. ಹನ್ನೆರಡನೆಯ ತರಗತಿಯನ್ನು ವಿಜ್ಞಾನದಲ್ಲಿ ಪಾಸು ಮಾಡಿದ ವರ್ಷವೇ ಅವನಪ್ಪ ಹಾಸಿಗೆ ಹಿಡಿದು, ಅಂಗಡಿ ಅವನ ಕೈಗೆ ಬಂದಿತ್ತು. ಅಂದಿನಿಂದ ಕೆಟ್ಟ ತಕ್ಕಡಿಗಳನ್ನೆಲ್ಲ ಸರಿ ಮಾಡುತ್ತಲೇ ಇದ್ದ. ಯಾಕೆ ಕೆಟ್ಟಿತು ಎಂದು ಗಿರಾಕಿ ಕೇಳಿದರೆ ಮಾತ್ರ, "ತಕ್ಕಡಿ ಬುದ್ಧಿ ಹಂಗೇ" ಎನ್ನುತ್ತಿದ್ದ. ಹಾಗೆಂದ ಪ್ರತಿ ಸಲವೂ ಅವನಿಗೆ ಒಳಗೊಳಗೇ ನಾಚಿಕೆಯಾಗುತ್ತಿತ್ತು.

ಯಾವ ಪದವಿ ಎಂಬುದನ್ನು ಬೀದಿಯೇ ತೀರ್ಮಾನಿಸಲು ಹೊರಟಿತು. "ರಸಾಯನಶಾಸ್ತ್ರ ತಗೋ ಅಣ್ಣಾ," ಎಂದ ಕ್ಷೌರದವನು, "ಕೂದಲಿಗೆ ಹಚ್ಚೋ ಬಣ್ಣ ನಾವೇ ಮಾಡ್ಕೋಬಹುದು." ಭಾವ ಭೂವಿಜ್ಞಾನವೇ ಆಗಬೇಕೆಂದರು. ನೆಲದ ಕೆಳಗೆ ನೀರು ಎಲ್ಲಿದೆ ಎಂದು ಮೂವತ್ತು ವರ್ಷ ತಮ್ಮ ಕಚೇರಿಗೇ ಗೊತ್ತಾಗಲಿಲ್ಲವಂತೆ, ಮನೆಯವನೊಬ್ಬನಿಗಾದರೂ ಗೊತ್ತಾಗಲಿ ಎಂಬುದು ಅವರ ವಾದ. ಇನ್ನುಳಿದದ್ದು ಖಗೋಳಶಾಸ್ತ್ರ ಮತ್ತು ಭೌತಶಾಸ್ತ್ರ. ಒಂದಕ್ಕೆ ರಾತ್ರಿ ನಿದ್ದೆಗೆಡಬೇಕು, ಇನ್ನೊಂದು ಏನೆಂದೇ ತಿಳಿಯದು ಎಂದು ಸಭೆ ಅವೆರಡನ್ನೂ ತಳ್ಳಿಹಾಕಿತು.

ಹೆಂಡತಿ ಮಾತ್ರ ಕಾಜಾ ಹೊಲಿಯುತ್ತಾ, "ಎಲ್ಲರನ್ನೂ ಕೇಳ್ಕೊಂಡು ಬಂದ್ರಲ್ಲ, ನಿಮ್ಮನ್ನ ನೀವು ಕೇಳ್ಕೊಂಡ್ರಾ?" ಎಂದಳು. ಕೇಳಿಕೊಂಡಿರಲಿಲ್ಲ. ಅರ್ಜಿಯಲ್ಲಿ 'ಆಯ್ಕೆಯ ಪದವಿ' ಎಂಬ ಜಾಗ ಖಾಲಿಯೇ ಉಳಿಯಿತು.

ಅನುಭವದ ಪುರಾವೆ ತರಬೇಕೆಂದು ಪ್ರಕಟಣೆಯಲ್ಲಿತ್ತು. "ಪುರಾವೆ ಅಂದ್ರೆ ಸರ್ಟಿಫಿಕೇಟು," ಎಂದರು ಭಾವ. ತಕ್ಕಡಿಯಣ್ಣ ಇಡೀ ಅಂಗಡಿ ಹುಡುಕಿದ. ತನ್ನ ಕೆಲಸ ಚೆನ್ನಾಗಿದೆ ಎಂದು ಈವರೆಗೆ ಒಬ್ಬನೂ ಒಂದು ಸಾಲು ಬರೆದುಕೊಟ್ಟಿರಲಿಲ್ಲ. ಕೊನೆಗೆ ಯೋಚಿಸಿ, ತನ್ನ ಉಪಕರಣದ ಚೀಲವನ್ನೂ ಹಿತ್ತಾಳೆ ತೂಕದ ಕಲ್ಲುಗಳ ಪೆಟ್ಟಿಗೆಯನ್ನೂ ಹೆಗಲಿಗೇರಿಸಿಕೊಂಡು ಹೊರಟ. ಇದಕ್ಕಿಂತ ದೊಡ್ಡ ಪುರಾವೆ ಯಾರ ಬಳಿ ಇದ್ದೀತು ಎಂಬುದು ಅವನ ಲೆಕ್ಕ. ನೋಡಿದರೆ ಸರಿಯಾದ ಲೆಕ್ಕವೇ. ಎಲ್ಲ ಅನಾಹುತಗಳೂ ಸರಿಯಾದ ಲೆಕ್ಕದಿಂದಲೇ ಶುರುವಾಗುತ್ತವೆ.

ಅದು ಅರ್ಜಿ ಸಲ್ಲಿಸುವ ಕಡೆಯ ದಿನ. ನಾಲ್ಕು ಗಂಟೆಗೆ ಕಿಟಕಿ ಮುಚ್ಚುತ್ತದೆ. ಪ್ರವೇಶ ವಿಭಾಗದ ಹಜಾರದಲ್ಲಿ ಹದಿನೆಂಟರ ಹುಡುಗ ಹುಡುಗಿಯರು ಕಿಕ್ಕಿರಿದಿದ್ದರು. ತಕ್ಕಡಿಯಣ್ಣನಿಗೆ ಸಿಕ್ಕ ಚೀಟಿಯ ಸಂಖ್ಯೆ ನೂರಾ ನಲವತ್ತೇಳು. ಕಂಬಕ್ಕೊರಗಿ ನಿಂತು ಹತ್ತು ನಿಮಿಷವಾಗಿರಲಿಲ್ಲ, ಏದುಸಿರು ಬಿಡುತ್ತಾ ಒಬ್ಬ ಜವಾನ ಬಂದು ಅವನನ್ನೂ ಚೀಲವನ್ನೂ ಮೇಲಿನಿಂದ ಕೆಳಗೆ ನೋಡಿದ.

"ತಕ್ಕಡಿಯೋರು ನೀವೇನಾ?"

"ಹೌದು, ನಾನೇ."

"ಎಲ್ಲೆಲ್ಲಿ ಹುಡುಕೋದು ಸ್ವಾಮಿ ನಿಮ್ಮನ್ನ! ನಾಲ್ಕು ವಿಭಾಗದ ಮುಖ್ಯಸ್ಥರೂ ಬೆಳಿಗ್ಗೆಯಿಂದ ಕಾಯ್ತಾ ಇದಾರೆ."

ತಕ್ಕಡಿಯಣ್ಣನ ಎದೆ ಒಂದು ಅಂಗುಲ ಮುಂದೆ ಬಂತು. ವಿಶ್ವವಿದ್ಯಾಲಯ ಅಂದರೆ ಸುಮ್ಮನೆಯೇ? ಅರ್ಜಿಯಲ್ಲಿ ಉದ್ಯೋಗ ಎಂಬಲ್ಲಿ ಬರೆದದ್ದನ್ನು ಮೊದಲೇ ಓದಿ, ಹಿರಿಯ ಅಭ್ಯರ್ಥಿಯನ್ನು ಸಾಲಿನಲ್ಲಿ ನಿಲ್ಲಿಸದೆ ಕರೆಸಿಕೊಳ್ಳುತ್ತಿದ್ದಾರೆ ಎಂದುಕೊಂಡ. ಅರ್ಜಿ ಇನ್ನೂ ತನ್ನ ಜೇಬಿನಲ್ಲೇ ಇದೆ ಎಂಬುದು ಆ ಸಂಭ್ರಮದಲ್ಲಿ ಹೊಳೆಯಲಿಲ್ಲ.

ಮೊದಲು ರಸಾಯನಶಾಸ್ತ್ರ. ಮುಖ್ಯಸ್ಥರ ಅಂಗಿಯ ತೋಳಿನಲ್ಲಿ ಸುಟ್ಟ ತೂತುಗಳಿದ್ದವು. ಅವರು ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯೊಂದನ್ನು ತೋರಿಸಿ, "ಇದರ ಗತಿ ನೋಡಿ," ಎಂದರು. ತಕ್ಕಡಿಯಣ್ಣನಿಗೆ ಅರ್ಥವಾಯಿತು: ಇದು ಪ್ರಾಯೋಗಿಕ ಪರೀಕ್ಷೆ.

"ಎಷ್ಟು ಹೊತ್ತು ಕೊಡ್ತೀರಿ ಸಾರ್?" ಎಂದು ವಿನಯದಿಂದ ಕೇಳಿದ.

"ಬೇಗ ಮುಗಿದಷ್ಟೂ ಒಳ್ಳೇದು."

ಬೇಗ ಮುಗಿಸಿದರೆ ಹೆಚ್ಚು ಅಂಕ ಎಂದು ತಿಳಿದು ಅವನು ಅಂಗಿ ತೋಳು ಮಡಚಿದ. ಆಮ್ಲದ ಹೊಗೆ ಕುಡಿದು ಕುಡಿದು ತಕ್ಕಡಿಯ ಅಡ್ಡದಂಡ ಕೂರುವ ಅಂಚಿಗೆ ತುಕ್ಕು ಹಿಡಿದಿತ್ತು. ಉಜ್ಜಿ, ಒರೆಸಿ, ಕೂರಿಸಿ, ಇಪ್ಪತ್ತು ನಿಮಿಷದಲ್ಲಿ ತಕ್ಕಡಿಯನ್ನು ನಿಲ್ಲಿಸಿ ತೋರಿಸಿದ. ಮುಖ್ಯಸ್ಥರು ಜವಾನನ ಕೈಯಲ್ಲಿದ್ದ ಚೀಟಿ ಪುಸ್ತಕ ತೆಗೆದುಕೊಂಡು ವಿಭಾಗ, ಕೊಠಡಿ ತುಂಬಿ, 'ಫಲಿತಾಂಶ' ಎಂಬ ಕಡೆ 'ತೃಪ್ತಿಕರ' ಎಂದು ಬರೆದು, ಸಹಿ ಹಾಕಿ ಹರಿದುಕೊಟ್ಟರು.

ತಕ್ಕಡಿಯಣ್ಣ ಕಾರಿಡಾರಿಗೆ ಬಂದವನೇ ಹೆಂಡತಿಗೆ ಫೋನ್ ಮಾಡಿದ. "ಲೇ, ರಸಾಯನಶಾಸ್ತ್ರದಲ್ಲಿ ಪಾಸಾದೆ!"

"ಪರೀಕ್ಷೆ ಇದೆ ಅಂತ ಹೇಳಿರಲೇ ಇಲ್ಲವಲ್ರೀ!"

"ಹೇಳದೇ ಇಡೋದೇ ದೊಡ್ಡೋರ ಪರೀಕ್ಷೆ," ಎಂದು ಫೋನ್ ಇಟ್ಟ.

ಭೂವಿಜ್ಞಾನದ ಮುಖ್ಯಸ್ಥರು ದಪ್ಪ ಬೂಟಿನವರು. ಇವನು ನೋಡನೋಡುತ್ತಿದ್ದಂತೆಯೇ ಮುಷ್ಟಿ ಗಾತ್ರದ ಒಂದು ಕಲ್ಲನ್ನು ತಟ್ಟೆಗೆ ಧಡ್ ಎಂದು ಎಸೆದು, "ನೋಡಿ, ಹೀಗೆ ಒಂದೇ ಕಡೆ ವಾಲುತ್ತೆ," ಎಂದರು. ತಕ್ಕಡಿಯಣ್ಣನಿಗೆ ಪರೀಕ್ಷೆ ಮರೆತೇಹೋಯಿತು. "ಸಾರ್, ತಟ್ಟೆ ಮೇಲೆ ಕಲ್ಲು ಇಡಬೇಕು, ಎಸೀಬಾರದು. ನಿಮ್ಮ ತಲೆ ಮೇಲೆ ಹಿಂಗೆ ದಿನಾ ಒಂದು ಕಲ್ಲು ಬಿದ್ರೆ ನೀವು ನೆಟ್ಟಗಿರ್ತೀರಾ?" ಎಂದು ಗದರಿದ. ಮುಖ್ಯಸ್ಥರು ಬೂಟು ಜೋಡಿಸಿ ನಿಂತು, "ತಪ್ಪಾಯ್ತು," ಎಂದರು. ಅಭ್ಯರ್ಥಿಯ ಧೈರ್ಯ ನೋಡುವುದಕ್ಕೇ ಕಲ್ಲು ಎಸೆದಿರಬೇಕು ಎಂದು ಇವನಿಗೆ ಆಮೇಲೆ ಅನ್ನಿಸಿತು. ಎರಡನೆಯ ಚೀಟಿ: ತೃಪ್ತಿಕರ.

ಈ ಸುದ್ದಿ ಮುಟ್ಟುವ ಹೊತ್ತಿಗೆ ಹೊಲಿಗೆ ಯಂತ್ರದ ಸುತ್ತ ಆರು ಜನ ಸೇರಿದ್ದರು. ಕ್ಷೌರದವನು ಅರ್ಧ ಗಡ್ಡದ ಗಿರಾಕಿಯನ್ನು ಜೊತೆಗೇ ಕರೆತಂದಿದ್ದ. ಫೋನಿನಲ್ಲಿ ಭಾವನ ಧ್ವನಿ ಕೇಳಿತು: "ಭೂವಿಜ್ಞಾನದಲ್ಲೂ ಪಾಸಂತೆ! ನಮ್ಮ ಮನೆತನದ ಸಂಬಂಧ ಅಂದ್ರೆ ಸುಮ್ನೇನಾ? ಹೆಣ್ಣು ಕೊಡುವಾಗಲೇ ನಾನು ಎಲ್ಲಾ ನೋಡಿದ್ದೆ."

ಖಗೋಳಶಾಸ್ತ್ರದಲ್ಲಿ ತಕ್ಕಡಿಯ ಮೇಲೆ ನಕ್ಷತ್ರಗಳ ನಕಾಶೆಗಳನ್ನು ಪೇರಿಸಿಟ್ಟಿದ್ದರು. "ನಮಗೆ ಇದನ್ನ ಯಾಕೆ ಕೊಟ್ಟಿದಾರೋ ಗೊತ್ತಿಲ್ಲ," ಎಂದರು ಅಲ್ಲಿಯ ಮುಖ್ಯಸ್ಥರು ಆಕಳಿಸುತ್ತಾ, "ನಾವು ನೋಡೋ ಸಾಮಾನು ಯಾವುದೂ ಇದರ ಮೇಲೆ ಹಿಡಿಸಲ್ಲ."

"ಹಂಗಾದ್ರೆ ಅವುಗಳ ತೂಕ ಹೆಂಗೆ ಗೊತ್ತಾಗುತ್ತೆ ಸಾರ್?"

"ಇಲ್ಲೇ ಕೂತು ಲೆಕ್ಕ ಹಾಕ್ತೀವಿ."

ತಟ್ಟೆಗೆ ಇಡದೆ ಕೂತಲ್ಲೇ ತೂಕ ಹೇಳುವವರನ್ನು ತಕ್ಕಡಿಯಣ್ಣನ ವೃತ್ತಿಯಲ್ಲಿ ಬೇರೆ ಹೆಸರಿನಿಂದ ಕರೆಯುತ್ತಾರೆ. ಆದರೂ ಪರೀಕ್ಷಕರೆಂಬ ಗೌರವಕ್ಕೆ ಬಾಯಿ ಮುಚ್ಚಿಕೊಂಡು, ಧೂಳು ಒರೆಸಿ, ಮೂರನೆಯ 'ತೃಪ್ತಿಕರ' ಪಡೆದುಕೊಂಡು ಬಂದ.

ಕೊನೆಗೆ ಭೌತಶಾಸ್ತ್ರ. ಮುಖ್ಯಸ್ಥೆ ಬಿಳಿಗೂದಲಿನ, ಗಿಡ್ಡ ಮೈಕಟ್ಟಿನ ಮೇಡಂ. ಅವರ ತಕ್ಕಡಿ ಹೊಸದರಂತಿತ್ತು. ತಕ್ಕಡಿಯಣ್ಣ ಎರಡು ಸಲ ಬಿಚ್ಚಿ, ಎರಡು ಸಲ ಕೂಡಿಸಿದ. ತಪ್ಪು ಸಿಗಲಿಲ್ಲ.

"ಸರಿಯಾಗಿಯೇ ಇದೆ ಮೇಡಂ."

"ಬೆಳಿಗ್ಗೆ ಸರಿಯಾಗಿರುತ್ತೆ," ಎಂದರು ಮೇಡಂ. "ಮಧ್ಯಾಹ್ನದ ತಂಡ ತೂಗಿದ್ರೆ ಅದೇ ಲೋಹದ ತುಂಡು ಸ್ವಲ್ಪ ಹೆಚ್ಚು ತೂಗುತ್ತೆ. ಮೂರು ವರ್ಷದಿಂದ ಹೀಗೇ. ಮಧ್ಯಾಹ್ನದ ಹುಡುಗರು ಗಮನ ಕೊಡಲ್ಲ ಅಂತ ಬೈದು ಬೈದು ನನಗೂ ಸಾಕಾಗಿದೆ."

ತಕ್ಕಡಿಯಣ್ಣ ಕೋಣೆಯನ್ನು ಸುತ್ತ ನೋಡಿದ. ಆಗಲೇ ಎರಡು ಗಂಟೆ ದಾಟಿತ್ತು. ಪಶ್ಚಿಮದ ಕಿಟಕಿಯಿಂದ ಬಿಸಿಲು ಇಳಿದು ಗಾಜಿನ ಪೆಟ್ಟಿಗೆಯ ಎಡಭಾಗದ ಮೇಲೆ, ಲೋಹದ ತುಂಡು ಇಡುವ ತಟ್ಟೆಯ ಕಡೆ ಮಾತ್ರ ಬಿದ್ದಿತ್ತು.

"ಹುಡುಗರದ್ದೇನೂ ತಪ್ಪಿಲ್ಲ ಮೇಡಂ. ಮೇಜನ್ನ ಆ ಗೋಡೆ ಕಡೆ ಹಾಕಿಸಿ. ನಮ್ಮ ಬೀದೀಲಿ ಬ್ರೆಡ್ ಮಾಡೋನ ಹತ್ರ ಇಂಥದ್ದೇ ಒಂದು ಸಣ್ಣ ತಕ್ಕಡಿ ಇದೆ. ಒಲೆ ಪಕ್ಕ ಇಟ್ಟಾಗ ಅದೂ ಹಿಂಗೇ ಆಡ್ತಿತ್ತು. ಬಿಸಿ ತಾಗಿದ ಕಡೆ ಹೆಚ್ಚು ತೋರಿಸುತ್ತೆ. ನಾಲ್ಕು ಹೆಜ್ಜೆ ಆಚೆ ಇಡಿಸಿದೆ, ಸರಿಹೋಯ್ತು."

ಮೇಡಂ ಕನ್ನಡಕ ತೆಗೆದು ಅವನನ್ನು ನೋಡಿದರು. "ಎಡತೋಳು ಬಿಸಿಯಾಗಿ ಉದ್ದ ಆಗ್ತಿದೆ. ಹೌದಲ್ಲ! ಎಷ್ಟು ಉದ್ದ ಆಗಿರಬಹುದು, ಹೇಳಿ?"

"ಉದ್ದ ಆಗುತ್ತಾ?" ತಕ್ಕಡಿಯಣ್ಣನ ಬಾಯಿ ತೆರೆದೇ ಇತ್ತು. "ಅದು ನನಗೆ ಗೊತ್ತಿಲ್ಲ ಮೇಡಂ. ಅದನ್ನೆಲ್ಲ ತಿಳ್ಕೊಳ್ಳೋಕೇ ಬಂದಿರೋದು."

ಮೇಡಂ ಚೀಟಿಯ ಹಿಂಬದಿಯಲ್ಲೇ ಲೆಕ್ಕ ಬರೆದು ತೋರಿಸಿದರು. ತೋಳಿನ ಉದ್ದ, ಬಿಸಿಯ ಏರಿಕೆ, ಲೋಹದ ಗುಣ, ಮೂರನ್ನೂ ಗುಣಿಸಿದಾಗ ಬಂದ ಸಂಖ್ಯೆ ಕೂದಲೆಳೆಗಿಂತ ಎಷ್ಟೋ ಸಣ್ಣದು. ಮೂವತ್ಮೂರು ವರ್ಷ 'ತಕ್ಕಡಿ ಬುದ್ಧಿ' ಎಂದು ಹೇಳಿಕೊಂಡು ಬಂದದ್ದು ಒಂದೂವರೆ ಸಾಲಿನಲ್ಲಿ ಮುಗಿದುಹೋಯಿತು. ತಕ್ಕಡಿಯಣ್ಣನಿಗೆ ಖುಷಿಯಿಂದ ಕಣ್ಣು ಮಂಜಾಯಿತು. ಆ ಕ್ಷಣಕ್ಕೆ ಅವನ ಆಯ್ಕೆ ನಿಶ್ಚಯವಾಯಿತು. ಅದೇ ಚೀಟಿಯ ಮುಂಬದಿಯಲ್ಲಿ ನಾಲ್ಕನೆಯ 'ತೃಪ್ತಿಕರ' ಬಿತ್ತು.

"ನಾಲ್ಕಕ್ಕೆ ನಾಲ್ಕೂ ಪಾಸು!" ಎಂದು ಫೋನಿನಲ್ಲಿ ಕೂಗಿದ. ಆ ಕಡೆ ಬೀದಿಯೇ ಎದ್ದು ಚಪ್ಪಾಳೆ ತಟ್ಟಿತು. ನಾಲ್ಕು ಡಿಗ್ರಿ ಒಟ್ಟಿಗೇ ಕೊಡುತ್ತಾರೋ ವರ್ಷಕ್ಕೊಂದರಂತೆ ಕೊಡುತ್ತಾರೋ ಎಂದು ಅರ್ಧ ಗಡ್ಡದ ಗಿರಾಕಿ ಕೇಳಿದ. ಸೊಸೆಗೆ ಇರುವುದು ಎರಡೇ ಎಂಬುದು ಭಾವನಿಗೆ ನೆನಪಾಯಿತು.

ತಕ್ಕಡಿಯಣ್ಣ ರಾಜಠೀವಿಯಿಂದ ಪ್ರವೇಶ ವಿಭಾಗದ ಕಿಟಕಿಗೆ ಬಂದು ನಾಲ್ಕು ಚೀಟಿಗಳನ್ನು ಬೀಸಣಿಗೆಯಂತೆ ಹರಡಿದ. ಗಡಿಯಾರ ಮೂರೂ ಇಪ್ಪತ್ತು ತೋರಿಸುತ್ತಿತ್ತು.

"ನೂರಾ ನಲವತ್ತೇಳಾ?" ಎಂದ ಗುಮಾಸ್ತ ತಲೆ ಎತ್ತದೆ. "ಮೂರು ಸಲ ಕೂಗಿದ್ವಿ. ನಿಮ್ಮ ಸರದಿ ಹೋಯ್ತು. ಇದೇನಿದು?"

"ಪರೀಕ್ಷೆ ಫಲಿತಾಂಶ. ನಾಲ್ಕರಲ್ಲೂ ತೃಪ್ತಿಕರ."

ಗುಮಾಸ್ತ ಚೀಟಿ ಓದಿದ. ಓದಿದವನ ಭುಜ ಕುಣಿಯತೊಡಗಿತು. "ಯಜಮಾನ್ರೇ, ಇದು ರಿಪೇರಿ ಚೀಟಿ! ಕಂಪನಿಯಿಂದ ಬರಬೇಕಿದ್ದ ಮೆಕ್ಯಾನಿಕ್ಕಿಗೆ ಕೊಡೋದು. ಇಲ್ಲಿ ಯಾವ ಪರೀಕ್ಷೆನೂ ಇಲ್ಲ. ನಿಮ್ಮಂಥ ಹಿರಿಯರು ಯಾವ್ದಾದ್ರೂ ಒಂದು ವಿಭಾಗದ ಮುಖ್ಯಸ್ಥರ ಒಪ್ಪಿಗೆ ಸಹಿ ಅರ್ಜಿ ಮೇಲೆ ತಂದ್ರೆ ಸಾಕಿತ್ತು."

ಹಿಂದಿದ್ದ ಹುಡುಗರು ನಕ್ಕರು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ನಾಲ್ಕು ಸಹಿಗಳಿವೆ, ನಾಲ್ಕೂ ಬೇರೆ ಕಾಗದದ ಮೇಲೆ. ಅರ್ಜಿಯಲ್ಲಿ ಒಂದೂ ಇಲ್ಲ. ಈ ಅವಕಾಶ ಮುಂದಿನ ವರ್ಷ ಬರುವುದಿಲ್ಲ. ಆ ಕಡೆ ಬೀದಿ ಚಪ್ಪಾಳೆ ತಟ್ಟಿ ಕೂತಿದೆ. ಆದರೂ ತಕ್ಕಡಿಯಣ್ಣ ಕಿಟಕಿಯ ಕಟ್ಟೆಯನ್ನು ಬಿಡಲಿಲ್ಲ.

"ಇನ್ನೂ ನಲವತ್ತು ನಿಮಿಷ ಇದೆಯಲ್ಲ," ಎಂದ. "ಮತ್ತೆ ಸಾಲಲ್ಲಿ ನಿಲ್ತೀನಿ. ಅಷ್ಟರಲ್ಲಿ ಸಹಿ ತರ್ತೀನಿ."

ತರುವ ಶ್ರಮ ಬೀಳಲಿಲ್ಲ, ಸಹಿ ಮಾಡಬೇಕಾದವರೇ ಓಡಿ ಬಂದರು. ನಡೆದದ್ದಿಷ್ಟು: ನಿಜವಾದ ಮೆಕ್ಯಾನಿಕ್ಕು, ಟೈ ಕಟ್ಟಿಕೊಂಡು, ನಿಜವಾದ ಚೀಲ ಹಿಡಿದುಕೊಂಡು ಮೂರು ಗಂಟೆಗೆ ಬಂದಿದ್ದ. ಎಲ್ಲ ಆಗಿದೆಯಲ್ಲ ಎಂದು ಮುಖ್ಯಸ್ಥರು ಹೇಳಿದಾಗ, "ನಮ್ಮ ಕಡೆಯಿಂದ ಯಾರೂ ಬಂದಿಲ್ಲ" ಎಂದ. ಹಾಗಾದರೆ ಬೀದಿಯಲ್ಲಿ ಹೋಗುವ ಯಾರೋ ನಾಲ್ಕು ತಕ್ಕಡಿ ಬಿಚ್ಚಿ ಹೋದನೇ ಎಂದು ಕೋಲಾಹಲವಾಗಿ, ನಾಲ್ವರು ಮುಖ್ಯಸ್ಥರು, ಮೆಕ್ಯಾನಿಕ್ಕು, ಬೆವರುತ್ತಿದ್ದ ಜವಾನ ಎಲ್ಲರೂ ಹಜಾರಕ್ಕೆ ನುಗ್ಗಿದರು.

"ಇವನೇ! ನನಗೇ ಬೈದೋನು!" ಎಂದರು ಬೂಟಿನವರು.

"ಯಾರಪ್ಪಾ ನೀನು?" ಎಂದರು ಸುಟ್ಟ ತೋಳಿನವರು.

ತಕ್ಕಡಿಯಣ್ಣ ಬೆನ್ನು ನೆಟ್ಟಗೆ ಮಾಡಿಕೊಂಡ. "ತಕ್ಕಡಿ ರಿಪೇರಿ ಮಾಡೋನೇ ಸಾರ್. ಆದ್ರೆ ಇವತ್ತು ರಿಪೇರಿಗೆ ಬಂದೋನಲ್ಲ. ಇಲ್ಲಿ ಓದೋಕೆ ಸೇರಬೇಕು ಅಂತ ಬಂದೆ. ನೀವು ಪರೀಕ್ಷೆ ಮಾಡ್ತಿದೀರಿ ಅಂದ್ಕೊಂಡೆ."

ಎಲ್ಲರೂ ಟೈ ಕಟ್ಟಿದ ಮೆಕ್ಯಾನಿಕ್ಕನ ಕಡೆ ತಿರುಗಿದರು. ಅವನು ಗಂಟಲು ಸರಿಮಾಡಿಕೊಂಡು, "ನಾಲ್ಕನ್ನೂ ನೋಡಿದೆ," ಎಂದ. "ನಾನು ಮಾಡಿದ್ರೂ ಇಷ್ಟು ಚೆನ್ನಾಗಿ ಆಗ್ತಿರಲಿಲ್ಲ."

ಗಾಳಿ ತಿರುಗುವುದಕ್ಕೆ ಅಷ್ಟು ಸಾಕಾಯಿತು. "ರಸಾಯನಶಾಸ್ತ್ರಕ್ಕೆ ಬನ್ನಿ," ಎಂದು ಸುಟ್ಟ ತೋಳಿನವರು ಲೇಖನಿ ತೆಗೆದರು, "ನಮ್ಮಲ್ಲಿ ಇನ್ನೂ ಹನ್ನೊಂದು ತಕ್ಕಡಿ ಕೆಟ್ಟಿವೆ." ಬೂಟಿನವರು ಅವರನ್ನು ಪಕ್ಕಕ್ಕೆ ಸರಿಸಿ, "ನಮ್ಮಲ್ಲಿ ಹದಿನಾರು! ಪಾಠಕ್ಕೆ ಬರದೇ ಇದ್ರೂ ಪರವಾಗಿಲ್ಲ," ಎಂದರು. ಖಗೋಳದವರು ಆಕಳಿಕೆ ನಿಲ್ಲಿಸಿ, ತಮ್ಮ ದೂರದರ್ಶಕದ ಕಾಲು ಅಲುಗುವುದನ್ನೂ ಸರಿಮಾಡಬಲ್ಲಿರಾ ಎಂದು ವಿಚಾರಿಸಿದರು. ಹುಡುಗರ ನಗು ಎಲ್ಲಿ ಹೋಯಿತೋ ತಿಳಿಯದು. ಅಷ್ಟೂ ಹುಡುಗರು ಬೆಳಿಗ್ಗೆಯಿಂದ ಒಬ್ಬ ಮುಖ್ಯಸ್ಥರ ಮುಖ ಕಾಣಲು ಕಾಯುತ್ತಿದ್ದರು. ಇಲ್ಲಿ ಮೂವರು ಮುಖ್ಯಸ್ಥರು ಒಬ್ಬ ಮೀಸೆಯವನ ಅರ್ಜಿಗಾಗಿ ಕಿತ್ತಾಡುತ್ತಿದ್ದಾರೆ.

ಭೌತಶಾಸ್ತ್ರದ ಮೇಡಂ ಮಾತ್ರ ಲೇಖನಿಗೆ ಕೈ ಹಾಕಲಿಲ್ಲ. ತಕ್ಕಡಿಯಣ್ಣ ಅವರ ಕಡೆಗೇ ನೋಡಿದ.

"ನಿಮ್ಮಲ್ಲಿ ಎಷ್ಟು ಕೆಟ್ಟಿವೆ ಮೇಡಂ?"

"ಎಷ್ಟಾದ್ರೂ ಕೆಟ್ಟಿರಲಿ, ಅದಕ್ಕೆ ಇವರಿದಾರೆ," ಎಂದು ಮೇಡಂ ಮೆಕ್ಯಾನಿಕ್ಕನನ್ನು ತೋರಿಸಿದರು. "ನನ್ನ ವಿಭಾಗಕ್ಕೆ ಸೇರಿದ್ರೆ ಮೂರು ವರ್ಷ ನೀವು ಒಂದು ತಕ್ಕಡೀನೂ ರಿಪೇರಿ ಮಾಡೋ ಹಾಗಿಲ್ಲ. ಈ ಮಕ್ಕಳ ಜೊತೆ ಬೆಂಚಿನ ಮೇಲೆ ಕೂತು, ಅವರ ಹಾಗೇ ತಪ್ಪು ಮಾಡಿ, ಯಾಕೆ ತಪ್ಪಾಯ್ತು ಅಂತ ಬರೀಬೇಕು. ನಾನು ತುಂಬಾ ಕೆಂಪು ಶಾಯಿ ಹಾಕ್ತೀನಿ. ಒಪ್ಪಿಗೆನಾ?"

ಇಂಥ ಬೆದರಿಕೆ ಕೇಳಿ ಬೇರೆ ಯಾರಾದರೂ ಹೆದರುತ್ತಿದ್ದರು. ತಕ್ಕಡಿಯಣ್ಣನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅರ್ಜಿಯನ್ನು ಕಟ್ಟೆಯ ಮೇಲಿಟ್ಟು, ಅಲ್ಲಿಯವರೆಗೂ ಖಾಲಿಯಿದ್ದ ಜಾಗದಲ್ಲಿ 'ಭೌತಶಾಸ್ತ್ರ' ಎಂದು ದುಂಡಗೆ ಬರೆದ. ಪಕ್ಕದಲ್ಲಿ 'ಆಯ್ಕೆಗೆ ಕಾರಣ' ಎಂದಿತ್ತು. ಸ್ವಲ್ಪ ಯೋಚಿಸಿ ಬರೆದ: 'ಮೂವತ್ಮೂರು ವರ್ಷ ಸರಿ ಮಾಡಿದ್ದೇನೆ. ಹೇಗೆ ಸರಿಯಾಯಿತೆಂದು ತಿಳಿಯಬೇಕಾಗಿದೆ.' ಮೇಡಂ ಅದನ್ನು ಎರಡು ಸಲ ಓದಿ ಸಹಿ ಹಾಕಿದರು. ಹುಡುಗರು ತಾವಾಗಿಯೇ ಸರಿದು ಸಾಲಿನಲ್ಲಿ ದಾರಿ ಬಿಟ್ಟರು. ಗುಮಾಸ್ತ ಎದ್ದು ನಿಂತು ಅರ್ಜಿ ತೆಗೆದುಕೊಂಡು ಮೊಹರು ಒತ್ತಿದಾಗ ನಾಲ್ಕಕ್ಕೆ ಇನ್ನೂ ಆರು ನಿಮಿಷ ಇತ್ತು.

ಇನ್ನು ಬೀದಿಗೆ ಹೇಳಬೇಕು. ಅವನು ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದ. ಹೆಂಡತಿ ಎತ್ತಿದಳು. ಹಿಂದೆ ಗದ್ದಲವೋ ಗದ್ದಲ.

"ನೋಡೇ, ಅದು ಪರೀಕ್ಷೆ ಅಲ್ಲವಂತೆ. ನನ್ನನ್ನ ರಿಪೇರಿಯೋನು ಅಂದ್ಕೊಂಡು ಕರ್ಕೊಂಡು ಹೋಗಿದ್ರಂತೆ."

ಗದ್ದಲ ನಿಂತಿತು. ಫೋನಿನ ಧ್ವನಿಯನ್ನು ಎಲ್ಲರಿಗೂ ಕೇಳುವ ಹಾಗೆ ಇಟ್ಟಿದ್ದರು ಎಂದು ಅವನಿಗೆ ಆಗ ತಿಳಿಯಿತು. "ನಾನು ಆಗಲೇ ಅಂದ್ಕೊಂಡೆ," ಎಂಬ ಭಾವನ ಮಾತು ದೂರದಿಂದ ಕೇಳಿತು. "ಪಾಪ."

"ನೀವು ಸುಮ್ನಿರಿ ಅಣ್ಣಾ," ಎಂದಳು ಹೆಂಡತಿ. ಇಪ್ಪತ್ತಾರು ವರ್ಷಗಳಲ್ಲಿ ಅವಳು ತನ್ನ ಅಣ್ಣನಿಗೆ ಆ ಮಾತು ಹೇಳಿದ್ದು ಅದೇ ಮೊದಲು. "ಆಮೇಲೇನಾಯ್ತು ರೀ? ಅರ್ಜಿ ತಗೊಂಡ್ರಾ ಇಲ್ವಾ?"

"ಮೂರು ವಿಭಾಗದೋರು ಬಾ ಬಾ ಅಂದ್ರು, ನಮ್ಮ ತಕ್ಕಡಿ ನೋಡ್ಕೋ ಅಂದ್ರು. ಭೌತಶಾಸ್ತ್ರದ ಮೇಡಂ ಮಾತ್ರ, ಮೂರು ವರ್ಷ ತಕ್ಕಡಿ ರಿಪೇರಿ ಮಾಡಕೂಡದು, ತಪ್ಪು ಮಾಡಿದ್ರೆ ಬರೆದು ತೋರಿಸಬೇಕು, ಕೆಂಪು ಶಾಯಿ ಹಾಕ್ತೀನಿ ಅಂದ್ರು. ನಾನು ಅಲ್ಲಿಗೇ ಸೇರ್ಕೊಂಡೆ."

ಬೀದಿಗೆ ಇದು ಅರ್ಥವಾಗಲಿಲ್ಲ. ಬಾ ಅಂದವರನ್ನು ಬಿಟ್ಟು ಬೈಯುತ್ತೇನೆ ಅಂದವರ ಬಳಿ ಸೇರಿಕೊಂಡವನನ್ನು ಏನೆನ್ನಬೇಕೆಂದು ತಿಳಿಯದೆ ಕ್ಷೌರದವನು ಭಾವನ ಮುಖ ನೋಡಿದ, ಭಾವ ಅರ್ಧ ಗಡ್ಡದವನ ಮುಖ ನೋಡಿದರು.

ಹೆಂಡತಿಗೆ ಅರ್ಥವಾಯಿತು. ಅವಳ ದನಿ, ಇಡೀ ಬೀದಿ ಕೇಳಲಿ ಎಂಬಂತೆ, ಗಟ್ಟಿಯಾಗಿತ್ತು.

"ಹಾಗಾದ್ರೆ ನಿಮ್ಮನ್ನ ನಿಜವಾಗ್ಲೂ ವಿದ್ಯಾರ್ಥಿ ಅಂತಲೇ ಸೇರಿಸ್ಕೊಂಡಿದಾರೆ ಕಣ್ರೀ."